ಇಮೇಲ್ ವಿಳಾಸ ಸರಿಯಿದೆಯಾ? ಫಾರ್ಮ್‌ಗೆ ಗೊತ್ತಾಗುವುದು ಎಷ್ಟು, ಗೊತ್ತಾಗದೇ ಇರುವುದು ಎಷ್ಟು

[ದೃಶ್ಯ: ಹಳೇ ಬಾಗಲಕೋಟೆ, ಹಿನ್ನೀರಿನ ದಂಡೆ. ಬೆಳಗಿನ ಹೊತ್ತು.]

ನಮಸ್ಕಾರ ಎಲ್ಲರಿಗೂ. ಇವತ್ತು ಕಂಪ್ಯೂಟರ್ ಮುಂದೆ ಕೂತಿಲ್ಲ. ಹಳೇ ಬಾಗಲಕೋಟೆಯಲ್ಲಿ ನೀರಿನ ದಂಡೆ ಮೇಲೆ ನಿಂತಿದ್ದೇನೆ. ಇಮೇಲ್ ಬಗ್ಗೆ ಮಾತಾಡಲು ಇಲ್ಲಿಗೆ ಯಾಕೆ ಬಂದೆ ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ. ಮೊದಲು ನಡೆದದ್ದು ಹೇಳುತ್ತೇನೆ.

ನವನಗರದ ಒಂದು ಕೋಚಿಂಗ್ ಸೆಂಟರ್‌ಗೆ ನಾನು ನೋಂದಣಿ ಫಾರ್ಮ್ ಮಾಡಿಕೊಟ್ಟಿದ್ದೆ. ಹೆಸರು, ಊರು, ಮೊಬೈಲ್, ಇಮೇಲ್, ಅಷ್ಟೇ. ತುಂಬಿದವರಿಗೆ ಬ್ಯಾಚ್ ಶುರುವಾಗುವ ತಾರೀಖು ಇಮೇಲ್‌ನಲ್ಲಿ ಹೋಗುತ್ತಿತ್ತು. ಗುಳೇದಗುಡ್ಡದ ಕಡೆಯ ಒಬ್ಬ ಹುಡುಗಿ ತುಂಬಿದಳು. ಹಸಿರು ಟಿಕ್ ಬಂತು. ‘ನೋಂದಣಿ ಆಗಿದೆ’ ಅಂತಲೂ ಬಂತು. ಹತ್ತು ದಿನ ಕಾದಳು. ಕೊನೆಗೆ ಅಪ್ಪನ ಜೊತೆ ಬಸ್ ಹತ್ತಿ ಬಂದಾಗ ಬ್ಯಾಚ್ ಶುರುವಾಗಿ ನಾಲ್ಕು ದಿನ ಆಗಿತ್ತು.

“ಸರ್, ದಿನಾ ತಗದ ನೋಡೇನ್ರೀ, ಏನೂ ಬಂದಿಲ್ರೀ” ಅಂದಳು.

ಡೇಟಾಬೇಸ್ ತೆಗೆದು ನೋಡಿದೆ. ವಿಳಾಸದ ಕೊನೆಯಲ್ಲಿ ‘ಜಿಮೇಲ್ ಡಾಟ್ ಕಾನ್’ ಅಂತ ಇತ್ತು. ಕಾಮ್ ಅಲ್ಲ, ಕಾನ್. ಕೀಬೋರ್ಡ್‌ನಲ್ಲಿ ಎಮ್ ಮತ್ತು ಎನ್ ಅಕ್ಕಪಕ್ಕ ಇರುತ್ತವೆ. ಬೆರಳು ಒಂದು ಕೂದಲೆಳೆಯಷ್ಟು ಜಾರಿದೆ. ನನ್ನ ಫಾರ್ಮ್ ಅದಕ್ಕೆ ಹಸಿರು ಟಿಕ್ ಕೊಟ್ಟಿದೆ.

ಅದೇ ವಾರ ಇಳಕಲ್‌ನಿಂದ ಒಬ್ಬರು ಫೋನ್ ಮಾಡಿದರು. ಸೀರೆ ವ್ಯಾಪಾರದವರು. ಮಗನ ಹೆಸರು ನೋಂದಾಯಿಸಬೇಕು. ಅವರ ಅಂಗಡಿಗೆ ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ಸ್ವಂತ ಹೆಸರು ಇದೆ, ‘ಡಾಟ್ ಸ್ಟೋರ್’ ಅಂತ ಮುಗಿಯುತ್ತದೆ. ಅದರಲ್ಲೇ ಇಮೇಲ್. ನನ್ನ ಫಾರ್ಮ್ ‘ಸರಿಯಾದ ಇಮೇಲ್ ಹಾಕಿ’ ಅಂತ ಕೆಂಪಾಗಿ ಹೇಳುತ್ತಲೇ ಇತ್ತು. ದಿನಾ ಹತ್ತಾರು ಆರ್ಡರ್ ಬರುವ ವಿಳಾಸ ಅದು.

ತಪ್ಪು ವಿಳಾಸವನ್ನು ಒಳಗೆ ಬಿಟ್ಟು, ಸರಿಯಾದ ವಿಳಾಸವನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಒಂದೇ ಸಾಲು ಕೋಡ್. ಎಲ್ಲೋ ನೋಡಿ ಹಾಗೇ ಇಳಿಸಿಕೊಂಡ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಬರಹದ ರೂಪ ಹೀಗಿರಬೇಕು ಅಂತ ಹೇಳುವ ಸೂತ್ರ. ಅದರ ಕೊನೆಯ ತುಂಡು ಹೇಳುತ್ತಿದ್ದದ್ದು ಇಷ್ಟು: ಕೊನೆಯ ಚುಕ್ಕೆಯ ನಂತರ 2ರಿಂದ 4 ಅಕ್ಷರ ಇರಬೇಕು. ಕಾನ್ ಅಂದರೆ ಮೂರು ಅಕ್ಷರ, ಪಾಸ್. ಸ್ಟೋರ್ ಅಂದರೆ ಐದು ಅಕ್ಷರ, ಫೇಲ್.

[ದೃಶ್ಯ: ಕ್ಯಾಮೆರಾ ನೀರಿನ ಕಡೆ ತಿರುಗುತ್ತದೆ.]

ಈಗ ಈ ನೀರು ನೋಡಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಘಟಪ್ರಭೆಯ ದಡದ ಈ ಊರಿಗೂ ಏರಿತು. ಕೆಳಗಿನ ಓಣಿಗಳು ಮುಳುಗಿದವು. ಮನೆ ಕಳೆದುಕೊಂಡವರು ನವನಗರಕ್ಕೆ ಹೋದರು. ಅಲ್ಲಿ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರ್.

ಮುಳುಗಿದ ಒಂದು ಮನೆಯ ವಿಳಾಸವನ್ನು ಇವತ್ತು ಲಕೋಟೆ ಮೇಲೆ ಬರೆಯಿರಿ. ಹೆಸರು, ಮನೆ ನಂಬರ್, ಓಣಿ, ಊರು, ಪಿನ್ ಕೋಡ್, ಎಲ್ಲಾ ತಪ್ಪಿಲ್ಲದೆ ಬರೆಯಬಹುದು. ಬರವಣಿಗೆ ನೋಡಿ ಯಾರೂ ತಪ್ಪು ಹುಡುಕಲಾರರು. ಆದರೆ ಆ ಮನೆಯಲ್ಲಿ ಯಾರೂ ಇಲ್ಲ. ಕಾಗದ ಕೊಡಲು ಹೋದ ಪೋಸ್ಟ್‌ಮನ್‌ಗೆ ಮಾತ್ರ ಅದು ಗೊತ್ತಾಗುತ್ತದೆ.

ಇಮೇಲ್‌ನಲ್ಲೂ ಹೀಗೇ. ವಿಳಾಸದ ರೂಪ ಸರಿಯಿದೆಯಾ ಅನ್ನುವುದು ಒಂದು ಪ್ರಶ್ನೆ. ಅಲ್ಲಿ ಯಾರಾದರೂ ಇದ್ದಾರಾ ಅನ್ನುವುದು ಇನ್ನೊಂದು. ಇದ್ದವರು ಈ ಫಾರ್ಮ್ ತುಂಬಿದವರೇನಾ ಅನ್ನುವುದು ಮೂರನೆಯದು. ರೆಗ್ಯುಲರ್ ಎಕ್ಸ್‌ಪ್ರೆಶನ್ ಉತ್ತರ ಕೊಡಬಲ್ಲದ್ದು ಮೊದಲನೆಯದಕ್ಕೆ ಮಾತ್ರ, ಅದೂ ಅರ್ಧಂಬರ್ಧ. ನಾವು ಮಾತ್ರ ಮೂರಕ್ಕೂ ಅದನ್ನೇ ನೆಚ್ಚಿಕೊಂಡು ಕೂರುತ್ತೇವೆ.

[ದೃಶ್ಯ: ಟೇಬಲ್, ಲ್ಯಾಪ್‌ಟಾಪ್.]

ಸರಿ, ಈಗ ವಿಳಾಸವನ್ನೇ ಬಿಡಿಸಿ ನೋಡೋಣ. 1971ರಲ್ಲಿ ರೇ ಟಾಮ್ಲಿನ್ಸನ್ ಅನ್ನುವ ಎಂಜಿನಿಯರ್ ಇಂಟರ್ನೆಟ್‌ಗೂ ಮೊದಲಿದ್ದ ಅರ್ಪಾನೆಟ್ ಅನ್ನುವ ಜಾಲದ ಮೇಲೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ಯಾರಿಗೆ, ಯಾವ ಯಂತ್ರಕ್ಕೆ ಅಂತ ಬೇರೆ ಮಾಡಿ ಹೇಳಲು ಒಂದು ಗುರುತು ಬೇಕಿತ್ತು. ಅವರು ಆರಿಸಿದ್ದು @. ಇವತ್ತಿಗೂ ಅರ್ಥ ಅದೇ. @ ಹಿಂದೆ ಇರುವುದು ಆಳು, ಮುಂದೆ ಇರುವುದು ಊರು.

ಇಲ್ಲಿ ಒಂದು ನಿಯಮ ಇದೆ, ಜಾಸ್ತಿ ಜನ ಇದನ್ನು ಗಮನಿಸುವುದಿಲ್ಲ. @ ಹಿಂದಿನ ಭಾಗದ ಅರ್ಥ ಹೇಳುವ ಹಕ್ಕು ಆ ಡೊಮೇನ್‌ನ ಮೇಲ್ ಸರ್ವರ್‌ಗೆ ಮಾತ್ರ. ಬೇರೆ ಯಾರೂ ಊಹೆ ಮಾಡಬಾರದು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು. ಹಳೇ ಹೆಸರು ಬರೆದ ಕಾಗದವನ್ನೂ ನಮ್ಮ ಅಂಚೆಯವರು ಮುಟ್ಟಿಸುತ್ತಾರೆ, ಎರಡೂ ಒಂದೇ ಊರು ಅಂತ ಅವರಿಗೆ ಗೊತ್ತು. ಬೇರೆ ದೇಶದಲ್ಲಿ ಕೂತವನು ಅದನ್ನು ಹೇಗೆ ಊಹಿಸಬೇಕು, ಅಲ್ವಾ?

ಜಿಮೇಲ್ ಹೆಸರಿನ ನಡುವಿನ ಚುಕ್ಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚುಕ್ಕೆ ಇಟ್ಟರೂ ಬಿಟ್ಟರೂ ಮೇಲ್ ಒಂದೇ ಪೆಟ್ಟಿಗೆಗೆ ಬರುತ್ತದೆ. ಇದು ಜಿಮೇಲ್ ಮಾಡಿಕೊಂಡ ನಿಯಮ. ಬೇರೆ ಸರ್ವರ್‌ನಲ್ಲಿ ಚುಕ್ಕೆ ಇರುವವರು ಒಬ್ಬರು, ಇಲ್ಲದವರು ಇನ್ನೊಬ್ಬರು ಆಗಿರಬಹುದು. ಹಾಗಾಗಿ ಎಲ್ಲರ ವಿಳಾಸದಿಂದ ಚುಕ್ಕೆ ತೆಗೆದು ಸೇವ್ ಮಾಡುವ ಕೋಡ್ ಬರೆಯಬೇಡಿ. ಒಬ್ಬರ ಕಾಗದ ಇನ್ನೊಬ್ಬರ ಕೈಗೆ ಹೋಗುತ್ತದೆ.

ಪ್ಲಸ್ ಗುರುತಿನ ಕತೆಯೂ ಅಷ್ಟೇ. ಜಿಮೇಲ್‌ನಲ್ಲಿ ನಿಮ್ಮ ಹೆಸರಿನ ನಂತರ ಪ್ಲಸ್ ಹಾಕಿ ‘ಕೋಚಿಂಗ್’ ಅಂತಲೋ ‘ಬ್ಯಾಂಕ್’ ಅಂತಲೋ ಬರೆದರೂ ಮೇಲ್ ನಿಮಗೇ ಬರುತ್ತದೆ. ಬಂದ ಮೇಲ್‌ಗಳನ್ನು ಬೇರೆ ಬೇರೆ ಮಾಡಿಕೊಳ್ಳಲು ಜನ ಇದನ್ನು ಬಳಸುತ್ತಾರೆ. ಎಷ್ಟೋ ಫಾರ್ಮ್‌ಗಳು ಪ್ಲಸ್ ಕಂಡ ಕೂಡಲೇ ತಪ್ಪು ಅನ್ನುತ್ತವೆ. ತಪ್ಪೇನೂ ಇಲ್ಲ. ಇನ್ನೊಂದು ಅಪಾಯ ಇದೆ. ವಿಳಾಸವನ್ನು ಲಿಂಕ್‌ನ ಕೊನೆಗೆ ಹಾಗೇ ಅಂಟಿಸಿದರೆ, ಓದುವ ಕಡೆ ಪ್ಲಸ್ ಹೋಗಿ ಖಾಲಿ ಜಾಗ ಆಗಿಬಿಡುತ್ತದೆ. ಎನ್‌ಕೋಡ್ ಮಾಡಿಯೇ, ಅಂದರೆ ಲಿಂಕ್‌ನಲ್ಲಿ ಕೆಡದ ಸಂಕೇತವಾಗಿ ಬದಲಿಸಿಯೇ ಹಾಕಬೇಕು. ಈ ಒಂದು ತಪ್ಪಿಗೆ ನಾನು ಇಡೀ ಸಂಜೆ ಹುಡುಕಾಡಿದ್ದೇನೆ.

ದೊಡ್ಡಕ್ಷರ, ಚಿಕ್ಕಕ್ಷರದ ವಿಷಯ. ಡೊಮೇನ್ ಭಾಗದಲ್ಲಿ ಎರಡೂ ಒಂದೇ. ಹೆಸರಿನ ಭಾಗದಲ್ಲಿ ನಿಯಮದ ಪ್ರಕಾರ ಬೇರೆ ಬೇರೆ ಆಗಬಹುದು, ಆದರೆ ನಾವು ದಿನಾ ಬಳಸುವ ದೊಡ್ಡ ಸೇವೆಗಳು ಭೇದ ಮಾಡುವುದಿಲ್ಲ. ಮೊಬೈಲ್ ಕೀಬೋರ್ಡ್ ಮಾತ್ರ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ಇವತ್ತು ದೊಡ್ಡಕ್ಷರದಲ್ಲಿ ನೋಂದಾಯಿಸಿದವರು ನಾಳೆ ಚಿಕ್ಕಕ್ಷರದಲ್ಲಿ ಲಾಗಿನ್ ಆಗಲು ಬಂದರೆ ‘ಇಂಥವರು ಇಲ್ಲ’ ಅನ್ನಬಾರದು. ನಾನು ಎರಡು ಕಾಲಂ ಇಡುತ್ತೇನೆ. ಒಂದರಲ್ಲಿ ಅವರು ಬರೆದದ್ದು ಬರೆದ ಹಾಗೆ. ಮೇಲ್ ಕಳಿಸುವುದು ಅದಕ್ಕೆ. ಇನ್ನೊಂದರಲ್ಲಿ ಚಿಕ್ಕಕ್ಷರದ ಪ್ರತಿ. ಹುಡುಕುವುದು ಅದರಲ್ಲಿ.

[ಪರದೆ: ವಿಚಿತ್ರ ವಿಳಾಸಗಳ ಸಾಲು.]

ಇಂಟರ್ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. ಇಮೇಲ್‌ನ ರೂಪವನ್ನು ಹೇಳುವ ದಾಖಲೆ ಆರ್‌ಎಫ್‌ಸಿ 5322, 2008ರದ್ದು. ಅದರ ಬೇರು 1982ರ ಆರ್‌ಎಫ್‌ಸಿ 822ರಲ್ಲಿದೆ. ಅದರ ಪ್ರಕಾರ @ ಹಿಂದೆ ಉದ್ಧರಣ ಚಿಹ್ನೆ ಹಾಕಿ ಅದರೊಳಗೆ ಖಾಲಿ ಜಾಗ ಬಿಡಬಹುದು. ಇನ್ನೊಂದು @ ಕೂಡ ಅದರೊಳಗೆ ಇರಬಹುದು. ಕಂಸದೊಳಗೆ ಟಿಪ್ಪಣಿ ಬರೆಯಬಹುದು. ಇದನ್ನೆಲ್ಲ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯಲು ಹೊರಟರೆ ಪುಟ ತುಂಬುತ್ತದೆ. ಓದಲೂ ಆಗುವುದಿಲ್ಲ, ತಿದ್ದಲೂ ಆಗುವುದಿಲ್ಲ. ಸರಿಯಾಗಿ ಕಟ್ಟದಿದ್ದರೆ ಒಂದು ಉದ್ದನೆಯ ದುಷ್ಟ ವಿಳಾಸ ಕೊಟ್ಟು ಸರ್ವರ್ ಅನ್ನೇ ಒದ್ದಾಡಿಸಬಹುದು.

ಬ್ರೌಸರ್ ಮಾಡುವವರು ಇದಕ್ಕೆ ಏನು ಮಾಡಿದರು ಗೊತ್ತಾ? ಎಚ್‌ಟಿಎಂಎಲ್ ನಿಯಮ ಬರೆದವರು ಈ ಆರ್‌ಎಫ್‌ಸಿಯನ್ನು ಬೇಕೆಂದೇ ಮೀರುತ್ತಿದ್ದೇವೆ ಅಂತ ಬಹಿರಂಗವಾಗಿ ಬರೆದಿದ್ದಾರೆ. ಕಾರಣವನ್ನೂ ಕೊಟ್ಟಿದ್ದಾರೆ: ಅದು @ ಹಿಂದೆ ತೀರಾ ಬಿಗಿ, ಮುಂದೆ ತೀರಾ ಅಸ್ಪಷ್ಟ, ಟಿಪ್ಪಣಿ ಮತ್ತು ಖಾಲಿ ಜಾಗದ ವಿಷಯದಲ್ಲಿ ತೀರಾ ಸಡಿಲ. ಹೀಗಾಗಿ ಅವರು ತಮ್ಮದೇ ಸರಳ ನಿಯಮ ಮಾಡಿಕೊಂಡರು. ಇನ್‌ಪುಟ್‌ನ ಟೈಪ್ ಅನ್ನು ಇಮೇಲ್ ಅಂತ ಇಟ್ಟರೆ ಸಾಕು, ಅದು ಸಿಗುತ್ತದೆ. ಮೊಬೈಲ್‌ನಲ್ಲಿ @ ಇರುವ ಕೀಬೋರ್ಡ್ ಬರುತ್ತದೆ. ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗ ತಾನಾಗೇ ಹೋಗುತ್ತದೆ. ವಾಟ್ಸಾಪ್‌ನಿಂದ ಕಾಪಿ ಮಾಡಿ ಹಾಕುವವರಿಗೆ ಇದು ದೊಡ್ಡ ಉಪಕಾರ. ಒಂದು ಮಾತ್ರ ನೆನಪಿರಲಿ, ಈ ನಿಯಮಕ್ಕೆ ಚುಕ್ಕೆ ಇಲ್ಲದ ಡೊಮೇನ್ ಕೂಡ ಸರಿಯೇ.

ಬ್ರೌಸರ್‌ನಲ್ಲಿ ನಡೆದ ಪರೀಕ್ಷೆಯನ್ನು ಯಾರು ಬೇಕಾದರೂ ತಪ್ಪಿಸಿಕೊಂಡು ಬರಬಹುದು. ಸರ್ವರ್‌ನಲ್ಲಿ ಮತ್ತೆ ನೋಡಲೇಬೇಕು. ಅಲ್ಲಿ ನಾನು ನೋಡುವುದು ಇಷ್ಟು. @ ಇದೆಯಾ? ಅದರ ಎರಡೂ ಕಡೆ ಏನಾದರೂ ಇದೆಯಾ? ಸಾಲು ಮುರಿಯುವ ಅಕ್ಷರ ಇದ್ದರೆ ಬೇಡ. ಹೆಸರಿನ ಭಾಗ 64 ಬೈಟ್ ದಾಟಬಾರದು, ಒಟ್ಟು ವಿಳಾಸ 254 ದಾಟಬಾರದು. ಈ 254ರ ಜಾಗದಲ್ಲಿ 320 ಅಂತ ಬರೆದ ಲೇಖನಗಳು ಇನ್ನೂ ಓಡಾಡುತ್ತಿವೆ. ಆ ಅಂಕಿ 2004ರ ಒಂದು ಆರ್‌ಎಫ್‌ಸಿಯಲ್ಲೇ ಇತ್ತು, ಆಮೇಲೆ ತಿದ್ದುಪಡಿಯಲ್ಲಿ 254 ಆಯಿತು. ಡೇಟಾಬೇಸ್‌ನಲ್ಲಿ ಇಮೇಲ್ ಕಾಲಂ ಅನ್ನು 50 ಅಕ್ಷರಕ್ಕೆ ಕಟ್ಟಿಹಾಕಿದ್ದರೆ ಇವತ್ತೇ ಬದಲಿಸಿ. ಕೆಲವು ಕಡೆ ಉದ್ದದ ವಿಳಾಸ ಎರರ್ ಇಲ್ಲದೇ ಕತ್ತರಿಸಿ ಹೋಗುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಅದರಲ್ಲೇ ಇಮೇಲ್ ಪರೀಕ್ಷಿಸುವ ಫಿಲ್ಟರ್ ಇದೆ. ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಿಂತ ಅದು ವಾಸಿ.

[ಪರದೆ: ಡೊಮೇನ್ ಹೆಸರುಗಳು ಒಂದೊಂದಾಗಿ.]

@ ಮುಂದಿನ ಭಾಗಕ್ಕೆ ಬರೋಣ. ಇಳಕಲ್‌ನ ಆ ವ್ಯಾಪಾರಿಗೆ ಅಡ್ಡ ಬಂದದ್ದು ಇಲ್ಲೇ. 2ರಿಂದ 4 ಅಕ್ಷರ ಅನ್ನುವ ನಿಯಮ 2001ರಲ್ಲೇ ಸತ್ತಿತ್ತು. ಆಗಲೇ ‘ಡಾಟ್ ಮ್ಯೂಸಿಯಂ’ ಬಂದಿತ್ತು, ಇಂಗ್ಲಿಷ್‌ನಲ್ಲಿ ಆರು ಅಕ್ಷರ. 2013ರಿಂದ ನೂರಾರು ಹೊಸ ಕೊನೆಗಳು ಬಂದವು. @ ನಂತರ ಒಂದೇ ಚುಕ್ಕೆ ಇರಬೇಕು ಅನ್ನುವ ಕೋಡ್ ಕೂಡ ನೋಡಿದ್ದೇನೆ. ನಮ್ಮ ಬೆಳಗಾವಿಯ ವಿಟಿಯು ಡೊಮೇನ್ ‘ಎಸಿ ಡಾಟ್ ಇನ್’ ಅಂತ ಮುಗಿಯುತ್ತದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಹೋಗಿ ಅಂತ ಹೇಳಿತು. ಒಂದೇ ಚುಕ್ಕೆಯ ನಿಯಮ ಇಟ್ಟರೆ ವಿಶ್ವವಿದ್ಯಾಲಯವೂ ಹೊರಗೆ, ಬ್ಯಾಂಕೂ ಹೊರಗೆ.

ನನಗೆ ತುಂಬಾ ಹತ್ತಿರವಾದ ವಿಷಯ ಇನ್ನೊಂದಿದೆ. ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲೇ ಇದೆ. ಕನ್ನಡದಲ್ಲಿ ಡೊಮೇನ್ ಪಡೆಯಬಹುದು. ಒಳಗೆ ಅದು ಪ್ಯೂನಿಕೋಡ್ ಅನ್ನುವ, ಇಂಗ್ಲಿಷ್ ಅಕ್ಷರ ಅಂಕಿಗಳ ರೂಪಕ್ಕೆ ಬದಲಾಗಿ ಓಡಾಡುತ್ತದೆ. @ ಹಿಂದಿನ ಹೆಸರನ್ನೂ ನಮ್ಮ ಲಿಪಿಯಲ್ಲಿ ಇಡಲು 2012ರಲ್ಲಿ ಆರ್‌ಎಫ್‌ಸಿ 6531 ದಾರಿ ಮಾಡಿಕೊಟ್ಟಿತು. 2014ರಿಂದ ಜಿಮೇಲ್ ಇಂಥ ವಿಳಾಸಗಳ ಜೊತೆ ಮೇಲ್ ಕಳಿಸಿ ಪಡೆಯುತ್ತಿದೆ. ಆದರೆ ಎ-ಯಿಂದ ಜೆಡ್-ವರೆಗೆ ಮಾತ್ರ ಅಕ್ಷರ ಅಂತ ತಿಳಿದ ಒಂದು ಸಾಲು ಕೋಡ್ ಕನ್ನಡದ ಹೆಸರನ್ನು ‘ತಪ್ಪು’ ಅನ್ನುತ್ತದೆ. ಅದನ್ನು ಬರೆಯುವವರು ನಾವೇ, ಇಲ್ಲೇ ಕೂತು. ಇದು ನನಗೆ ನಿಜವಾಗಿ ನೋವು ಕೊಡುತ್ತದೆ. ಪಿಎಚ್‌ಪಿ ಫಿಲ್ಟರ್ ಕೂಡ ಸುಮ್ನೆ ಬಳಸಿದರೆ ಕನ್ನಡ ಅಕ್ಷರ ಒಪ್ಪುವುದಿಲ್ಲ. ಹೆಸರಿನ ಭಾಗಕ್ಕಾಗಿ 7.1ನೇ ಆವೃತ್ತಿಯಿಂದ ಯೂನಿಕೋಡ್ ಅನ್ನುವ ಫ್ಲ್ಯಾಗ್ ಇದೆ, ಅದನ್ನು ಕೊಡಬೇಕು. ನಿಮ್ಮ ಮೇಲ್ ಸರ್ವರ್‌ಗೂ ಅಂಥ ವಿಳಾಸಕ್ಕೆ ಕಳಿಸಲು ಬರುತ್ತದೆಯಾ ನೋಡಿಕೊಳ್ಳಿ.

ಡೊಮೇನ್ ನಿಜಕ್ಕೂ ಇದೆಯಾ ಅಂತ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರುಗಳ ವಿವರ ಕೊಡುವ ವ್ಯವಸ್ಥೆಯಲ್ಲಿ ಕೇಳಬಹುದು. ಮೇಲ್ ತೆಗೆದುಕೊಳ್ಳುವ ಸರ್ವರ್ ಯಾವುದು ಅಂತ ಎಂಎಕ್ಸ್ ದಾಖಲೆ ಹೇಳುತ್ತದೆ. ಎಂಎಕ್ಸ್ ಇಲ್ಲದಿದ್ದರೆ ಡೊಮೇನ್‌ನ ಸ್ವಂತ ಐಪಿ ವಿಳಾಸಕ್ಕೇ ಕಳಿಸಬೇಕು ಅನ್ನುವುದು ನಿಯಮ. ಹಾಗಾಗಿ ಎಂಎಕ್ಸ್ ಸಿಗಲಿಲ್ಲ ಅಂತ ಒಮ್ಮೆಗೇ ಬೇಡ ಅನ್ನಬೇಡಿ. ‘ಕಾನ್’ ಇಲ್ಲಿ ಸಿಕ್ಕಿಬೀಳುತ್ತದೆ, ಅಂಥ ಡೊಮೇನ್ ಕೊನೆಯೇ ಇಲ್ಲ. ಆದರೆ ಜಿಮೇಲ್‌ನ ಅಕ್ಷರ ಹಿಂದೆ ಮುಂದೆ ಆದಂಥ ಹೆಸರುಗಳನ್ನು ಯಾರೋ ಕೊಂಡು ಇಟ್ಟುಕೊಂಡಿರಬಹುದು. ಆಗ ಡಿಎನ್‌ಎಸ್ ‘ಇದೆ’ ಅನ್ನುತ್ತದೆ, ಮೇಲ್ ಪರರ ಪಾಲು.

ಅದಕ್ಕೇ ಕೇಳಿಬಿಡುವುದು ಒಳ್ಳೆಯದು. ಈಗ ನನ್ನ ಫಾರ್ಮ್ ಕಾನ್ ಅಂತ ಕಂಡರೆ, ‘ನೀವು ಬರೆಯಬೇಕೆಂದದ್ದು ಜಿಮೇಲ್ ಡಾಟ್ ಕಾಮ್ ಅಂತಲೇ?’ ಎಂದು ಕೆಳಗೆ ತೋರಿಸುತ್ತದೆ. ತಾನೇ ತಿದ್ದುವುದಿಲ್ಲ, ತಡೆಯುವುದೂ ಇಲ್ಲ. ಮುಟ್ಟಿದರೆ ಬದಲಾಗುತ್ತದೆ, ಅಷ್ಟೇ.

[ದೃಶ್ಯ: ನವನಗರದ ರಸ್ತೆ, ಆನ್‌ಲೈನ್ ಸೆಂಟರ್‌ಗಳ ಬೋರ್ಡ್‌ಗಳು ದೂರದಿಂದ.]

ಇನ್ನು ಪೋಸ್ಟ್‌ಮನ್ ಕೆಲಸ. ವಿಳಾಸ ಅವರದ್ದೇ ಅಂತ ಗೊತ್ತಾಗಲು ಇರುವುದು ಒಂದೇ ದಾರಿ. ಅಲ್ಲಿಗೆ ಒಂದು ಗುಟ್ಟು ಕಳಿಸಿ, ಅದನ್ನು ಅವರು ತಂದು ತೋರಿಸಬೇಕು. ಆ ಮೇಲ್ ಸರ್ವರ್‌ನನ್ನೇ ‘ಈ ಹೆಸರಿನವರು ಇದ್ದಾರಾ’ ಅಂತ ಕೇಳುವ ಕಮಾಂಡ್ ಹಿಂದಿನಿಂದ ಇದೆ, ಆದರೆ ಸ್ಪ್ಯಾಮ್‌ನವರ ಕಾಟಕ್ಕೆ ಜಾಸ್ತಿ ಸರ್ವರ್‌ಗಳು ಅದಕ್ಕೆ ನೇರ ಉತ್ತರ ಕೊಡುವುದಿಲ್ಲ.

ಗುಟ್ಟನ್ನು ಲಿಂಕ್‌ನಲ್ಲಿ ಕಳಿಸಬಹುದು, ಆರು ಅಂಕಿಯ ಕೋಡ್ ಆಗಿಯೂ ಕಳಿಸಬಹುದು. ಲಿಂಕ್ ಆದರೆ ಅದರೊಳಗಿನ ಗುಟ್ಟು, ಅಂದರೆ ಟೋಕನ್, ಕನಿಷ್ಠ 128 ಬಿಟ್‌ನಷ್ಟು ಯಾದೃಚ್ಛಿಕ ಇರಲಿ, ಯಾರೂ ಊಹಿಸಲಾರದ ಹಾಗೆ. ಡೇಟಾಬೇಸ್‌ನಲ್ಲಿ ಅದರ ಹ್ಯಾಶ್ ಮಾತ್ರ ಇಡಿ, ಅಂದರೆ ಮೂಲವನ್ನು ಮತ್ತೆ ತೆಗೆಯಲಾಗದಂಥ ಗುರುತು. ಒಮ್ಮೆ ಬಳಸಿದ ಮೇಲೆ ಸಾಯಬೇಕು. ಲಿಂಕ್ ತೆರೆದ ಕೂಡಲೇ ದೃಢೀಕರಿಸಬೇಡಿ. ಕೆಲವು ಕಚೇರಿಗಳ ಮೇಲ್ ಭದ್ರತೆಯ ಸಾಫ್ಟ್‌ವೇರ್ ಬಂದ ಲಿಂಕ್‌ಗಳನ್ನೆಲ್ಲ ತಾನೇ ತೆರೆದು ನೋಡುತ್ತದೆ. ಒಳಗೆ ಒಂದು ಬಟನ್ ಇಡಿ, ಮನುಷ್ಯರು ಒತ್ತಲಿ.

ನಮ್ಮ ಕಡೆಗೆ ಆರು ಅಂಕಿಯ ಕೋಡ್ ಜಾಸ್ತಿ ಒಗ್ಗುತ್ತದೆ ಅಂತ ನನ್ನ ಅನುಭವ. ಫಾರ್ಮ್ ತೆರೆದಿರುವುದು ಸೆಂಟರ್‌ನ ಕಂಪ್ಯೂಟರ್‌ನಲ್ಲಿ, ಮೇಲ್ ಬರುವುದು ಮಗಳ ಫೋನ್‌ಗೆ. ಲಿಂಕ್ ಒತ್ತಿದರೆ ಬೇರೆ ಬ್ರೌಸರ್ ತೆರೆದು ಗೊಂದಲ. ಆರು ಅಂಕಿ ಆದರೆ ಓದಿ ಹೇಳಿದರೆ ಆಯಿತು. ಕೋಡ್‌ಗೆ ಹತ್ತು ನಿಮಿಷ, ಐದು ಪ್ರಯತ್ನ. ಅದರ ಮೇಲೆ ಬೇಡ.

ಈಗ ಆನ್‌ಲೈನ್ ಸೆಂಟರ್‌ನ ವಿಷಯ. ಹುನಗುಂದದಿಂದ ಸಿಂದಗಿವರೆಗೆ ಎಲ್ಲಿಗೆ ಹೋದರೂ ಅರ್ಜಿ ತುಂಬಲು ಜನ ಇಲ್ಲಿಗೇ ಬರುತ್ತಾರೆ. ಎಷ್ಟೋ ಜನರಿಗೆ ಇಮೇಲ್ ಇರುವುದಿಲ್ಲ. ಇದ್ದರೆ ಪಾಸ್‌ವರ್ಡ್ ನೆನಪಿರುವುದಿಲ್ಲ. ಹಿಂದೆ ಸಾಲು ಕಾದಿರುತ್ತದೆ. ಸೆಂಟರ್‌ನವರು ತಮ್ಮದೇ ಇಮೇಲ್ ಹಾಕಿ ಕೆಲಸ ಮುಗಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ, ಆ ಹೊತ್ತಿಗೆ ಅದೇ ಸಹಾಯ. ಆದರೆ ಆರು ತಿಂಗಳ ನಂತರ ಪಾಸ್‌ವರ್ಡ್ ಮರೆತರೆ ಕೋಡ್ ಹೋಗುವುದು ಅವರ ಪೆಟ್ಟಿಗೆಗೆ. ನಮ್ಮ ಪರೀಕ್ಷೆಗಳೆಲ್ಲ ಪಾಸ್ ಆಗಿರುತ್ತವೆ. ವಿಳಾಸ ನಿಜ, ಪೆಟ್ಟಿಗೆ ನಿಜ, ಕೋಡ್ ಸರಿ. ಮನುಷ್ಯ ಮಾತ್ರ ಬೇರೆ.

ಇದಕ್ಕೆ ಕೋಡ್‌ನಲ್ಲಿ ಪೂರ್ತಿ ಪರಿಹಾರ ಇಲ್ಲ. ಮಾಡಬಹುದಾದ್ದು ಇದೆ. ಇಮೇಲ್ ಅನ್ನೇ ಖಾತೆಯ ಗುರುತು ಮಾಡಬೇಡಿ. ಒಳಗೆ ಬೇರೆ ಐಡಿ ಇರಲಿ. ಇಮೇಲ್ ಬದಲಿಸುವುದು ಸುಲಭ ಇರಲಿ: ಹೊಸದಕ್ಕೆ ಕೋಡ್, ಹಳೆಯದಕ್ಕೆ ಒಂದು ತಿಳಿವಳಿಕೆ ಮೇಲ್. ಇಮೇಲ್ ಕಡ್ಡಾಯ ಬೇಕಾ ಅಂತ ಮೊದಲು ಯೋಚಿಸಿ. ಆ ಕೋಚಿಂಗ್ ಸೆಂಟರ್‌ಗೆ ಬೇಕಿರಲಿಲ್ಲ. ಮೊಬೈಲ್ ನಂಬರ್ ಇತ್ತು, ಒಂದು ಎಸ್‌ಎಂಎಸ್ ಕಳಿಸಿದ್ದರೆ ಆ ಹುಡುಗಿ ಮೊದಲ ದಿನವೇ ಕ್ಲಾಸ್‌ನಲ್ಲಿ ಇರುತ್ತಿದ್ದಳು.

[ಪರದೆ: ಕಪ್ಪು ಹಿನ್ನೆಲೆ, ‘ಭದ್ರತೆ’.]

ವಿಳಾಸದ ರೂಪದ ಪರೀಕ್ಷೆ ಸಡಿಲ ಇರಲಿ ಅಂತಲೇ ಇಷ್ಟು ಹೊತ್ತು ಹೇಳಿದೆ. ಹಾಗಂತ ಬಂದ ವಿಳಾಸವನ್ನು ನಂಬಬೇಡಿ. ಸಂಪರ್ಕ ಫಾರ್ಮ್‌ನಲ್ಲಿ ಇಮೇಲ್ ಜಾಗದಲ್ಲಿ ಸಾಲು ಮುರಿಯುವ ಅಕ್ಷರ ಸೇರಿಸಿ, ಮುಂದಿನ ಸಾಲಿನಲ್ಲಿ ‘ಬಿಸಿಸಿ’ ಅಂತ ಬರೆದು ನೂರು ಜನರ ವಿಳಾಸ ಹಾಕುತ್ತಾರೆ. ನೀವು ಅದನ್ನು ಹಾಗೇ ಮೇಲ್‌ನ ಹೆಡರ್‌ಗೆ, ಅಂದರೆ ಯಾರಿಂದ ಯಾರಿಗೆ ಅಂತ ಹೇಳುವ ಸಾಲುಗಳಿಗೆ ಹಾಕಿದರೆ ನಿಮ್ಮ ಸರ್ವರ್ ಅವರ ಸ್ಪ್ಯಾಮ್ ಹಂಚುತ್ತದೆ.

2016ರ ಡಿಸೆಂಬರ್‌ನಲ್ಲಿ ಮೇಲ್ ಕಳಿಸಲು ಬಳಸುವ ಪಿಎಚ್‌ಪಿಮೇಲರ್ ಅನ್ನುವ ಹೆಸರಾದ ಲೈಬ್ರರಿಯಲ್ಲಿ (ಸಿದ್ಧ ಕೋಡ್‌ನಲ್ಲಿ) ದೊಡ್ಡ ತೂತು ಸಿಕ್ಕಿತು. ಕಳಿಸುವವರ ವಿಳಾಸದಲ್ಲಿ ಉದ್ಧರಣ ಚಿಹ್ನೆಗಳನ್ನು ಜಾಣತನದಿಂದ ಇಟ್ಟರೆ ಸರ್ವರ್‌ನಲ್ಲಿ ಬೇರೆ ಕಮಾಂಡ್ ಓಡಿಸಬಹುದಿತ್ತು. ಆ ವಿಳಾಸ ಆರ್‌ಎಫ್‌ಸಿ ಪ್ರಕಾರ ಸರಿಯಾಗಿತ್ತು! ಪರೀಕ್ಷೆ ಪಾಸಾಗಿತ್ತು. ಮೊದಲ ತೇಪೆ ಸಾಲದೆ ಕೆಲವೇ ದಿನದಲ್ಲಿ ಇನ್ನೊಂದು ಹಾಕಬೇಕಾಯಿತು. 2019ರ ಡಿಸೆಂಬರ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ಅನ್ನುವ ಸಾಫ್ಟ್‌ವೇರ್‌ನ ಸರದಿ. ಕೆಲವು ಯೂನಿಕೋಡ್ ಅಕ್ಷರಗಳು ದೊಡ್ಡಕ್ಷರ ಚಿಕ್ಕಕ್ಷರ ಬದಲಿಸುವಾಗ ಸಾಮಾನ್ಯ ಇಂಗ್ಲಿಷ್ ಅಕ್ಷರಕ್ಕೆ ಸಮ ಆಗಿಬಿಡುತ್ತವೆ. ಕಳ್ಳ ಅಂಥ ಅಕ್ಷರ ಇರುವ ತನ್ನ ವಿಳಾಸ ಕೊಟ್ಟು ‘ಪಾಸ್‌ವರ್ಡ್ ಮರೆತೆ’ ಅಂದರೆ, ಡೇಟಾಬೇಸ್‌ನಲ್ಲಿ ಇನ್ನೊಬ್ಬರ ಖಾತೆ ಸಿಗುತ್ತಿತ್ತು. ಮೇಲ್ ಮಾತ್ರ ಕಳ್ಳ ಬರೆದ ವಿಳಾಸಕ್ಕೆ ಹೋಗುತ್ತಿತ್ತು. ಇದನ್ನು ತಪ್ಪಿಸಲು, ಕೋಡ್ ಕಳಿಸುವುದು ಯಾವಾಗಲೂ ಡೇಟಾಬೇಸ್‌ನಲ್ಲಿ ಇರುವ ವಿಳಾಸಕ್ಕೆ. ಈಗ ಟೈಪ್ ಮಾಡಿದ್ದಕ್ಕೆ ಅಲ್ಲ.

‘ಪಾಸ್‌ವರ್ಡ್ ಮರೆತೆ’ ಪುಟದಲ್ಲಿ ಇಮೇಲ್ ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ಕೊಡಿ. ಯಾರು ನಿಮ್ಮಲ್ಲಿ ಸೇರಿದ್ದಾರೆ ಅಂತ ಹೊರಗಿನವರಿಗೆ ತಿಳಿಯಬಾರದು.

ಕಳಿಸಿದ ಮೇಲ್ 550 ಅಂತ, ಅಂದರೆ ಶಾಶ್ವತ ತೊಂದರೆ ಅನ್ನುವ ಉತ್ತರದ ಜೊತೆ ವಾಪಸ್ ಬಂದರೆ ಅಲ್ಲಿಗೆ ಮತ್ತೆ ಮತ್ತೆ ಕಳಿಸಬೇಡಿ. 4ರಿಂದ ಶುರುವಾಗುವ ಉತ್ತರ ಬಂದರೆ ತಾತ್ಕಾಲಿಕ ತೊಂದರೆ, ಸ್ವಲ್ಪ ಬಿಟ್ಟು ನೋಡಿ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಮೇಲೆ ಬಿಗಿ ಮಾಡಿವೆ. ಮೇಲ್ ನಿಜಕ್ಕೂ ಆ ಡೊಮೇನ್‌ನಿಂದಲೇ ಬಂತಾ ಅಂತ ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಬಗ್ಗೆ ಬೇರೆಯೇ ವಿಡಿಯೋ ಮಾಡುತ್ತೇನೆ.

ಈಗ ನಿಮ್ಮ ಫಾರ್ಮ್ ತೆರೆಯಿರಿ. ಪರೀಕ್ಷೆಗೆ ‘ಟೆಸ್ಟ್’, ‘ಎಬಿಸಿ’ ಅಂತ ಹಾಕಿ ಮುಂದೆ ಜಿಮೇಲ್ ಬರೆಯಬೇಡಿ. ಅದು ಯಾರದೋ ಪೆಟ್ಟಿಗೆ ಆಗಿರುತ್ತದೆ. ‘ಎಕ್ಸಾಂಪಲ್ ಡಾಟ್ ಕಾಮ್’ ಅನ್ನು 1999ರಲ್ಲೇ ಇದಕ್ಕಾಗಿ ಮೀಸಲಿಟ್ಟಿದ್ದಾರೆ. ಅದರ ಹಿಂದೆ ಪ್ಲಸ್ ಇರುವ ಹೆಸರು ಹಾಕಿ ನೋಡಿ. ಮೊದಲ ಅಕ್ಷರ ದೊಡ್ಡದು ಮಾಡಿ ನೋಡಿ. ಕೊನೆಗೆ ಖಾಲಿ ಜಾಗ ಬಿಟ್ಟು ನೋಡಿ. ಆಮೇಲೆ ಡಾಟ್ ಸ್ಟೋರ್, ಡಾಟ್ ಬ್ಯಾಂಕ್ ಡಾಟ್ ಇನ್. ಕೊನೆಯದಾಗಿ ನಿಮ್ಮ ಹೆಸರನ್ನೇ ಕನ್ನಡದಲ್ಲಿ ಬರೆದು @ ಹಾಕಿ, ಸಲ್ಲಿಸುವ ಬಟನ್ ಒತ್ತಿ.